ಕಾವಲಿಗೊಂದು ಕಾವಲು

1968ನೆಯ ಇಸವಿಯ ಮಳೆಗಾಲ. ನಮ್ಮ ತಂದೆಯವರು ತೀರಿಕೊಂಡ ಮರುದಿನ ಬೆಳಿಗ್ಗೆ, ಅಮೆರಿಕದಲ್ಲಿ ಓದುತ್ತಿದ್ದ ಅಣ್ಣನಿಗೆ ತಂತಿ ಕೊಡುವುದಕ್ಕೆಂದು ಸೋದರಮಾವನ ಜೊತೆ ನಾನೂ ತಂತಿ ಕಚೇರಿಗೆ ಹೋಗಿದ್ದೆ. ಪದವೊಂದಕ್ಕೆ ಇಷ್ಟೆಂದು ಹಣ ತೆರಬೇಕಾಗಿದ್ದ ಕಾಲ. ಮಾವ ಬರೆದು, ಹೊಡೆದು, ಮತ್ತೆ ಬರೆದು ಕೊನೆಗೆ ಉಳಿಸಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಐದೇ ಮಾತು: ತಂದೆ ನಿಧನ, ತಾಯಿ ಕ್ಷೇಮ, ಬರಬೇಡ. ಕಡೆಯ ಮಾತನ್ನು ಬರೆಯುವಾಗ ಅವರ ಕೈ ಒಂದು ಗಳಿಗೆ ತಡೆಯಿತು. ಅಣ್ಣ ಬಂದುಹೋಗುವಷ್ಟು ಹಣ ಅವನಲ್ಲಿಯೂ ಇರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ತಂತಿ ಎಂಬುದು ಕೊಟ್ಟವರಿಗೂ ಪಡೆದವರಿಗೂ ನಡುವಣ ಮಾತು, ರವಾನಿಸುವ ಗುಮಾಸ್ತನೊಬ್ಬನನ್ನು ಬಿಟ್ಟರೆ ಇನ್ನಾರ ಕಣ್ಣಿಗೂ ಬೀಳುವಂಥದಲ್ಲ ಎಂದು ನಾನು ಬಹುಕಾಲ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಿಸಿದವರು ನಾನೆಂದೂ ಕಂಡಿರದ ಒಬ್ಬ ಅಮೆರಿಕನ್ ನ್ಯಾಯವಾದಿ, ಬ್ರಿಟ್ ಸ್ನೈಡರ್. ಅವರು ಬರೆದ ಒಂದು ಸ್ಮರಣ ಲೇಖನ ಹಲವು ವರ್ಷಗಳ ಕೆಳಗೆ ನನ್ನ ಕೈಗೆ ಬಂತು. ಅದನ್ನು ಓದಿದಂದಿನಿಂದ, ಕಾವಲಿನವರನ್ನು ಕಾಯುವವರು ಯಾರು ಎಂಬ ಹಳೆಯ ಪ್ರಶ್ನೆ ನನ್ನ ಪಾಲಿಗೆ ತರ್ಕದ ಚಮತ್ಕಾರವಾಗಿ ಉಳಿದಿಲ್ಲ.

ಸಿ.ಐ.ಎ. ತನ್ನ ದೇಶದ ಪ್ರಜೆಗಳ ಮೇಲೆಯೇ ಗೂಢಚರ್ಯೆ ನಡೆಸಿತೆಂದು 1974ರ ಡಿಸೆಂಬರಿನಲ್ಲಿ ಪತ್ರಿಕೆಯೊಂದು ಬಯಲುಮಾಡಿತು. ಮರುತಿಂಗಳು ಅಮೆರಿಕದ ಸೆನೆಟ್ಟು 82ಕ್ಕೆ 4 ಮತಗಳಿಂದ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಸೆನೆಟರ್ ಫ್ರಾಂಕ್ ಚರ್ಚ್ ಅದರ ಅಧ್ಯಕ್ಷರಾದುದರಿಂದ ಚರ್ಚ್ ಸಮಿತಿಯೆಂದೇ ಅದಕ್ಕೆ ಹೆಸರಾಯಿತು. ತರುಣ ವಕೀಲರಾಗಿ ಅದರ ಸಿಬ್ಬಂದಿ ಸೇರಿದ ಸ್ನೈಡರರ ಪಾಲಿಗೆ ಬಂದದ್ದು ನ್ಯಾಷನಲ್ ಸೆಕ್ಯುರಿಟಿ ಏಜೆನ್ಸಿ. ಪರದೇಶಗಳ ಸಂದೇಶಗಳನ್ನು ಕದ್ದು ಆಲಿಸುವ ಆ ಸಂಸ್ಥೆ ಸಿ.ಐ.ಎ.ಗಿಂತಲೂ ಗುಪ್ತವಾದದ್ದು. ಅದರ ವಿಷಯವಾಗಿ ಪ್ರಕಟವಾಗಿರುವುದನ್ನೆಲ್ಲ ಹುಡುಕಿಸಿದಾಗ ದೊರೆತದ್ದು ಸರಕಾರಿ ಕೈಪಿಡಿಯ ಒಂದು ಕಂಡಿಕೆ ಮತ್ತು ತಪ್ಪು ತುಂಬಿದ್ದ ಒಂದು ಪತ್ರಿಕಾ ಲೇಖನ, ಅಷ್ಟೆ. ಏನನ್ನು ಕೇಳಬೇಕೆಂಬುದೇ ತಿಳಿಯದವನಿಗೆ ಉತ್ತರ ಕೊಡುವವರಾರು?

ಸುಳಿವು ಸಿಕ್ಕಿದ್ದು ಬೇರೆಡೆಯಿಂದ. ತಂತಿಗಳ ಪ್ರತಿ ತೆಗೆಯುವುದಕ್ಕಾಗಿ ನ್ಯೂಯಾರ್ಕಿನಲ್ಲಿ ಆ ಸಂಸ್ಥೆಗೆ ಒಂದು ಕಚೇರಿಯನ್ನು ಒದಗಿಸಿದ್ದಾಗಿ ಸಿ.ಐ.ಎ.ಯ ಕಾಗದಗಳಲ್ಲಿ ಒಂದು ಮಾತಿತ್ತು. ಸ್ನೈಡರ್ ಆ ಎಳೆಯನ್ನು ಹಿಡಿದುಕೊಂಡರು. ಲಿಖಿತ ಪ್ರಶ್ನೆಗಳಿಗೆ ಬಹುಕಾಲ ಉತ್ತರ ಬರಲಿಲ್ಲ. ಕೊನೆಗೆ ಸಂಸ್ಥೆಯ ನಿವೃತ್ತ ಉಪನಿರ್ದೇಶಕ ಲೂಯಿ ಟೊರ್ಡೆಲ್ಲಾ ಅವರನ್ನು ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿಯೇ ಕಂಡರು. ವೃದ್ಧ ಅಧಿಕಾರಿ ಬಾಯಿಬಿಟ್ಟಾಗ ಹೊರಬಂದದ್ದು ಮೂವತ್ತು ವರ್ಷಗಳ ಕಥೆ.

ಯುದ್ಧಕಾಲದ ತಂತಿ ತಪಾಸಣೆ ಮುಗಿದ ಮೇಲೂ, 1945ರಿಂದ ಮೂರು ದೊಡ್ಡ ತಂತಿ ಕಂಪನಿಗಳು ಅಮೆರಿಕಕ್ಕೆ ಬರುವ, ಅಲ್ಲಿಂದ ಹೊರಡುವ ಸಂದೇಶಗಳನ್ನು ಸರಕಾರದ ಗುಪ್ತಚರರಿಗೆ ಒಪ್ಪಿಸುತ್ತಿದ್ದವು. ನ್ಯಾಯಾಲಯದ ಅಪ್ಪಣೆಯಿಲ್ಲ, ಶಾಸನದ ಆಧಾರವಿಲ್ಲ. ಅದಕ್ಕೆ ಇಟ್ಟಿದ್ದ ಗುಪ್ತನಾಮ ‘ಷಾಮ್‌ರಾಕ್’. ಮೊದಲು ಕಾಗದದಲ್ಲಿ, ಅರವತ್ತರ ದಶಕದಿಂದ ಕಾಂತಸುರುಳಿಗಳಲ್ಲಿ ಸಂದೇಶಗಳು ಸಾಗುತ್ತಿದ್ದವು. ಕಡೆಯ ವರ್ಷಗಳಲ್ಲಿ ತಿಂಗಳಿಗೆ ಸುಮಾರು 1,50,000 ತಂತಿಗಳು ವಿಶ್ಲೇಷಕರ ಮೇಜಿಗೆ ಬರುತ್ತಿದ್ದುವೆಂದು ಸಮಿತಿ ಲೆಕ್ಕ ಹಾಕಿತು. ವಿಚಾರಣೆಯ ಕಾವು ತಟ್ಟಿದ ಮೇಲೆ, 1975ರ ಮೇ ತಿಂಗಳಲ್ಲಿ, ಅದು ನಿಂತಿತು. ಸರಕಾರದ ವಿರೋಧವನ್ನೂ ಲೆಕ್ಕಿಸದೆ ಅದೇ ವರ್ಷದ ನವೆಂಬರ್ 6ರಂದು ಚರ್ಚ್ ಅವರು ಈ ವೃತ್ತಾಂತವನ್ನು ಬಹಿರಂಗವಾಗಿ ಓದಿದರು.

ನಮ್ಮ ಮನೆಯ ತಂತಿ ಆ ಸುರುಳಿಗಳಲ್ಲಿ ಇತ್ತೆಂದು ನಾನು ಹೇಳುತ್ತಿಲ್ಲ. ಹೇಳಲು ಆಧಾರವೂ ಇಲ್ಲ. ಆದರೆ ಅಂಥ ಎಷ್ಟೋ ಮನೆಗಳ ಹುಟ್ಟು, ಸಾವು, ಸಾಲ, ಸಮಾಧಾನಗಳು ಅಲ್ಲಿ ಇದ್ದಿರಲೇಬೇಕಲ್ಲವೆ? ಇದರಲ್ಲಿ ತೊಡಗಿದವರು ದುಷ್ಟರೂ ಅಲ್ಲ, ದೇಶಸೇವೆಯೆಂದೇ ತಿಳಿದವರು. ನನ್ನನ್ನು ಹೆಚ್ಚಾಗಿ ಕಾಡಿದ್ದು ಅದೇ. ಬೇಲಿಯೇ ಎದ್ದು ಹೊಲವನ್ನು ಮೇಯುವಾಗ ತಾನು ಹೊಲವನ್ನು ಕಾಯುತ್ತಿರುವೆನೆಂದೇ ಅದು ನಂಬಿರಬಹುದು.

ಗೂಢಚರನ ಮೇಲೆ ಕಣ್ಣಿಡಬೇಕೆಂಬ ಎಚ್ಚರ ನಮಗೇನೂ ಹೊಸದಲ್ಲ. ಮೂವರು ಚಾರರ ಮಾತು ಒಂದಾದರೆ ಮಾತ್ರ ನಂಬತಕ್ಕದ್ದೆಂಬುದು ಕೌಟಿಲ್ಯನ ಮತ. ಆದರೆ ಆ ಎಚ್ಚರ ಅರಸನ ಹಿತಕ್ಕಾಗಿ. ಪ್ರಜೆಯ ಪರವಾಗಿ ಗೂಢಚರನನ್ನು ಪ್ರಶ್ನಿಸುವ ಅಧಿಕಾರಿ ಪ್ರಜಾಪ್ರಭುತ್ವದ ಸೃಷ್ಟಿ. ಸ್ನೈಡರರ ಮುಂದಿನ ವೃತ್ತಿಜೀವನ ಬಹುಮಟ್ಟಿಗೆ ಈ ಕೆಲಸದ ಚರಿತ್ರೆಯೇ ಆಗಿದೆ. 1976ರಲ್ಲಿ ಸೆನೆಟ್ಟಿನ ಖಾಯಂ ಗುಪ್ತಚರ ಸಮಿತಿ ಹುಟ್ಟಿತು; ಬೇಹುಗಾರಿಕೆಗಾಗಿ ದೇಶದೊಳಗೆ ಕದ್ದಾಲಿಸಲು ನ್ಯಾಯಾಲಯದ ಆಜ್ಞೆ ಬೇಕೆಂಬ ಶಾಸನ 1978ರಲ್ಲಿ ಬಂತು. 1989ರಿಂದ ಸ್ನೈಡರ್ ಆ ಸಮಿತಿಯ ಮುಖ್ಯ ನ್ಯಾಯವಾದಿಯಾಗಿದ್ದರು. 1998ರಲ್ಲಿ ಸಿ.ಐ.ಎ.ಯ ಇನ್‌ಸ್ಪೆಕ್ಟರ್ ಜನರಲ್ ಆದರು.

ಈ ಹುದ್ದೆ ವಿಚಿತ್ರವಾದದ್ದು. ಕುಳಿತುಕೊಳ್ಳುವುದು ತಾನು ಪರೀಕ್ಷಿಸಬೇಕಾದ ಮನೆಯೊಳಗೇ. ಆದರೆ ತೆಗೆದುಹಾಕುವ ಅಧಿಕಾರ ಮನೆಯ ಯಜಮಾನನಿಗಿಲ್ಲ, ರಾಷ್ಟ್ರಾಧ್ಯಕ್ಷರಿಗೆ ಮಾತ್ರ. ಮಾಜಿ ನಿರ್ದೇಶಕ ಜಾನ್ ಡಾಯ್ಚ್ ಅವರು ಗುಪ್ತ ದಾಖಲೆಗಳನ್ನು ಮನೆಯ ಕಂಪ್ಯೂಟರುಗಳಲ್ಲಿ ಇಟ್ಟುಕೊಂಡ ಪ್ರಕರಣವನ್ನು ಸ್ನೈಡರರ ಕಚೇರಿ ಪರಿಶೀಲಿಸಿ 2000ದ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಆ ವರದಿ ಡಾಯ್ಚರ ತಪ್ಪನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಸಂಸ್ಥೆಯೊಳಗಿನ ತನಿಖೆ ಸರಿಯಾಗಿ ನಡೆಯಲಿಲ್ಲವೆಂಬುದನ್ನೂ ಹೇಳಿತು. ಮರುವರ್ಷದ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ತಮ್ಮ ಅಧಿಕಾರದ ಕಡೆಯ ದಿನ ಡಾಯ್ಚರಿಗೆ ಕ್ಷಮಾದಾನ ಮಾಡಿದರು. ಶಿಕ್ಷೆ ತಪ್ಪಿತು, ವರದಿ ಉಳಿಯಿತು.

ಇದರಿಂದ ಏನು ಸಾಧಿಸಿದಂತಾಯಿತೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2013ರಲ್ಲಿ ಎಡ್ವರ್ಡ್ ಸ್ನೋಡನ್ ಹೊರಗೆಡಹಿದ ಕಾಗದಗಳು, ಅದೇ ಸಂಸ್ಥೆ ಲಕ್ಷೋಪಲಕ್ಷ ಅಮೆರಿಕನ್ನರ ದೂರವಾಣಿ ಕರೆಗಳ ವಿವರಗಳನ್ನು ಕೂಡಿಹಾಕಿದ್ದನ್ನು ತೋರಿಸಿದವು. ಕಾವಲಿಗೆ ಕಾವಲಿಟ್ಟ ಮಾತ್ರಕ್ಕೆ ಮನೆ ಭದ್ರವಾಗುವುದಿಲ್ಲ. ಒಮ್ಮೆ ಕೇಳಿದ ಪ್ರಶ್ನೆಯನ್ನು ಪ್ರತಿಯೊಂದು ತಲೆಮಾರೂ ಮತ್ತೆ ಕೇಳಬೇಕಾಗುತ್ತದೆ. ಕೇಳುವವನು ಗುಟ್ಟನ್ನು ಗೌರವಿಸುವುದನ್ನೂ ಗುಟ್ಟಿಗೆ ಹೆದರದಿರುವುದನ್ನೂ ಕಲಿತಿರಬೇಕು. ಈ ಎರಡೂ ಒಬ್ಬನಲ್ಲೇ ಕೂಡುವುದು ಅಪರೂಪ.

ಅಣ್ಣ ಈಗಿಲ್ಲ. ಅವನ ಪೆಟ್ಟಿಗೆಯಲ್ಲಿ ಪದವಿಪತ್ರಗಳ ಕೆಳಗೆ ನಾಲ್ಕು ಮಡಿಕೆಯ ಆ ತಂತಿ ಸಿಕ್ಕಿತು. ಅದನ್ನು ಅವನು ನಮ್ಮಲ್ಲಿ ಯಾರಿಗೂ ತೋರಿಸಿರಲಿಲ್ಲ. ನಾನೂ ಒಮ್ಮೆ ಓದಿ, ಮಡಿಕೆ ಇದ್ದಂತೆಯೇ ಮಡಿಸಿ, ಅಲ್ಲಿಯೇ ಇಟ್ಟೆ.