ಆನೆ ಇಲ್ಲದೆ ಆನೆಯ ಸಿನಿಮಾ

ಜಾರ್ಜ್ ಆರ್ವೆಲ್‌ನ ‘ಶೂಟಿಂಗ್ ಆನ್ ಎಲಿಫೆಂಟ್’ ನಮ್ಮಲ್ಲಿ ಕೆಲವರು ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು ಮರೆತಿದ್ದ ಪ್ರಬಂಧ. ಈ ಸಲ ಕನ್ನಡ ಸಂಘದಿಂದ ಅದನ್ನೇ ಎಂಟು ನಿಮಿಷದ ಕಿರುಚಿತ್ರ ಮಾಡೋಣ ಅಂತ ಹೊರಟೆವು. ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ನಮ್ಮ ದೇಶದಲ್ಲಿ ಲೇಖಕ ತೀರಿಹೋಗಿ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತೆ, ಹಾಗಾಗಿ ಯಾರಿಗೂ ದುಡ್ಡು ಕೊಡಬೇಕಿಲ್ಲ. ನಮ್ಮ ಬಜೆಟ್‌ಗೆ ಇದು ಸಣ್ಣ ವಿಷಯ ಅಲ್ಲ!

ಪ್ರಬಂಧ ಅಚ್ಚಾದದ್ದು 1936ರಲ್ಲಿ. ಬರ್ಮಾ ಆಗ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗವೇ. ಮೌಲ್ಮೇನ್ ಊರಲ್ಲಿ ಮದ ಬಂದ ಆನೆಯೊಂದು ಸರಪಳಿ ಕಿತ್ತುಕೊಂಡು ಬಂದು ಒಬ್ಬ ಕೂಲಿಯನ್ನು ತುಳಿದು ಕೊಲ್ಲುತ್ತೆ. ಬಿಳಿಯ ಪೊಲೀಸ್ ಅಧಿಕಾರಿ ಗದ್ದೆ ಹತ್ತಿರ ಬರುವಷ್ಟರಲ್ಲಿ ಆನೆ ಶಾಂತವಾಗಿ ಹುಲ್ಲು ತಿನ್ನುತ್ತಿದೆ. ಹೊಡೆಯೋ ಅಗತ್ಯವೇ ಇಲ್ಲ. ಆದರೆ ಬೆನ್ನ ಹಿಂದೆ ಎರಡು ಸಾವಿರ ಜನ. ನಗೆಪಾಟಲಾಗಬಾರದು ಅಂತ ಗುಂಡು ಹಾರಿಸುತ್ತಾನೆ.

ಕಷ್ಟ ಏನಪ್ಪಾ ಅಂದ್ರೆ, ಇದೆಲ್ಲ ನಡೆಯೋದು ಅವನ ತಲೆಯೊಳಗೆ. ಮೊದಲ ಸ್ಕ್ರಿಪ್ಟ್ ತುಂಬಾ ವಾಯ್ಸ್ ಓವರ್ ಹಾಕಿದ್ವಿ, ಓದಿದರೆ ರೇಡಿಯೊ ನಾಟಕ. ಎರಡನೆಯದರಲ್ಲಿ ಪೂರ್ತಿ ತೆಗೆದು ಮೊಬೈಲಲ್ಲೇ ಟ್ರಯಲ್ ಶೂಟ್ ಮಾಡಿ ಹಾಸ್ಟೆಲ್ ಗೆಳೆಯರಿಗೆ ತೋರಿಸಿದೆವು. ‘ಆನೆಗೆ ಹೆದರಿ ಹೊಡೆದ, ಅಲ್ವಾ?’ ಅಂದರು. ಮುಗೀತು ಕಥೆ.

ಪ್ರಬಂಧವನ್ನು ಮತ್ತೆ ಓದಿದಾಗ ದಾರಿ ಕಂಡದ್ದು ಬಂದೂಕಿನಲ್ಲಿ. ಅವನು ದೊಡ್ಡ ಬಂದೂಕು ತರಿಸೋದು ಆತ್ಮರಕ್ಷಣೆಗೆ ಮಾತ್ರ. ಅದು ಕೈಗೆ ಬಂದದ್ದೇ ತಡ, ಇವತ್ತು ಬೇಟೆ ಇದೆ ಅಂತ ಊರಿಗೆ ಊರೇ ಹಿಂದೆ ಬೀಳುತ್ತೆ. ಹಾಗಾಗಿ ಬಂದೂಕು ಬರುವುದನ್ನು ಒಂದೇ ಉದ್ದದ ಶಾಟ್ ಮಾಡಿದೆವು: ಕ್ಯಾಮೆರಾ ಅವನ ಮುಖದ ಮೇಲೆ, ಹಿಂದೆ ಮಸುಕಾಗಿ ಜನ. ಮೊದಲು ಬರೀ ಗುಸುಗುಸು, ಬಂದೂಕು ಬಂದಮೇಲೆ ಜಾತ್ರೆ. ಆ ಸದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು.

ಇನ್ನು ಆನೆ. ಸಿನಿಮಾಕ್ಕೆ ಆನೆ ಬಳಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ನಮಗೆ ಅದೆಲ್ಲ ಎಲ್ಲಿ ಸಾಧ್ಯ? ಆನೆ ತೋರಿಸೋದೇ ಬೇಡ ಅಂತ ಬಿಟ್ಟೆವು. ಆದರೆ ಅದು ಹುಲ್ಲು ಕಿತ್ತು, ಮೊಣಕಾಲಿಗೆ ಬಡಿದು, ಮಣ್ಣು ಉದುರಿಸಿ ತಿನ್ನುತ್ತೆ ಅಂತ ಆರ್ವೆಲ್ ಬರೀತಾನೆ. ಜಯನಗರ ನಾಲ್ಕನೇ ಬ್ಲಾಕಿನಿಂದ ತಂದ ಕೊತ್ತಂಬರಿ ಕಟ್ಟನ್ನು ಪ್ಯಾಂಟಿಗೆ ಬಡಿದರೆ ಸರಿಯಾಗಿ ಅದೇ ಸದ್ದು!

ನಿಜವಾದ ಜಗಳ ಆದದ್ದು ಸತ್ತ ಕೂಲಿಯ ವಿಷಯಕ್ಕೆ. ಅವನು ದ್ರಾವಿಡ, ಅಂದರೆ ನಮ್ಮ ದಕ್ಷಿಣದ ಕಡೆಯವನು. ಒಬ್ಬ ‘ಕೊರಿಂಗಿ’ ಕೂಲಿಗಿಂತ ಆನೆಯ ಬೆಲೆಯೇ ಹೆಚ್ಚು ಅಂತಾರೆ ಅಲ್ಲಿನ ಬಿಳಿಯ ಯುವಕರು. ಕೊರಿಂಗ ಅಂದ್ರೆ ಆಂಧ್ರದ ಕರಾವಳಿಯ ಹಳೇ ಬಂದರು. ಅವನು ಸತ್ತದ್ದು ಒಳ್ಳೇದೇ ಆಯ್ತು, ಕಾನೂನಿನ ಮುಂದೆ ತನಗೊಂದು ನೆಪ ಸಿಕ್ತು ಅಂತ ಆರ್ವೆಲ್ ತಾನೇ ಒಪ್ಪಿಕೊಳ್ತಾನೆ. ರಿಹರ್ಸಲ್‌ನಲ್ಲಿ ಕೆಸರಲ್ಲಿ ಮಲಗಿದ್ದ ನಮ್ಮ ಜೂನಿಯರ್ ತಲೆ ಎತ್ತಿ, ‘ಅಣ್ಣಾ, ನನ್ನ ಹೆಸರೇನು?’ ಅಂದ. ಪ್ರಬಂಧದಲ್ಲಿ ಅವನಿಗೆ ಹೆಸರೇ ಇಲ್ಲ.

ಮೂಲವನ್ನು ಮುಟ್ಟಬಾರದು ಅಂತ ಕೆಲವರು. ನಾವೂ ಹೆಸರು ಕೊಡದಿದ್ದರೆ ಈ ಸಿನಿಮಾ ಯಾಕೆ ಅಂತ ಉಳಿದವರು. ಎರಡು ಸಂಜೆ ಜಗಳವಾಡಿ, ಶುರುವಿನಲ್ಲೇ ಒಂದು ದೃಶ್ಯ ಸೇರಿಸಿದೆವು: ಅವನು ಬಟ್ಟೆ ಒಣಹಾಕುತ್ತಿರುವಾಗ ಊರಿನವನೊಬ್ಬ ಹೆಸರು ಹಿಡಿದು ಕರೀತಾನೆ. ಆಮೇಲೆ ಇಡೀ ಸಿನಿಮಾದಲ್ಲಿ ಆ ಹೆಸರನ್ನು ಯಾರೂ ಹೇಳಲ್ಲ. ನೋಡೋರಿಗೆ ಗೊತ್ತು, ಅಧಿಕಾರಿಗೆ ಗೊತ್ತಿಲ್ಲ.

ಆ ದೃಶ್ಯ ಇನ್ನೂ ಶೂಟ್ ಆಗಿಲ್ಲ. ಮನೆಯಲ್ಲಿ ತೆಲುಗು ಮಾತಾಡೋರು ಇಬ್ಬರು ಬೇಕು. ಬರೀ ಎರಡು ಸಾಲು ಮಾತು, ಆದರೆ ಬಾಯಿಪಾಠ ಒಪ್ಪಿಸಿದ ಹಾಗಿರಬಾರದು.