ಬೀಗ ತೆರೆದವರೇ ಬೀಗವನ್ನು ಗಟ್ಟಿ ಮಾಡಿದರು

1851ರ ಜುಲೈ 22. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಂದು ಕಟ್ಟಡ. ಅಲ್ಲಿನ ಭದ್ರಕೋಣೆಯ ಬಾಗಿಲಿಗೆ ಚಬ್ ಕಂಪನಿಯ ಬೀಗ. ಅದರ ಮುಂದೆ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕದ ಬೀಗದ ಕುಶಲಕರ್ಮಿ, ಸುತ್ತಲೂ ಅವನೇ ಕರೆಸಿದ್ದ ಸಾಕ್ಷಿಗಳು. ಕೀಲಿಕೈಯ ತೂತಿನೊಳಗೆ ಸಣ್ಣ ಸಲಕರಣೆಗಳನ್ನು ಆಡಿಸುತ್ತ 25 ನಿಮಿಷದಲ್ಲಿ ಹಾಬ್ಸ್ ಬೀಗ ತೆರೆದ. ಅಷ್ಟಕ್ಕೇ ಬಿಡಲಿಲ್ಲ. ಇನ್ನು 7 ನಿಮಿಷದಲ್ಲಿ, ಏನೂ ಆಗಿಲ್ಲವೆಂಬಂತೆ ಅದನ್ನು ಮತ್ತೆ ಹಾಕಿಯೂ ತೋರಿಸಿದ.

ಅದು ಸಾಮಾನ್ಯ ಬೀಗವಾಗಿರಲಿಲ್ಲ. ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀಲಿ ಬಳಸಿ ನಡೆದ ಕಳವಿನ ನಂತರ, ತನ್ನದೇ ಕೀಲಿಕೈಗಲ್ಲದೆ ಬೇರೆ ಯಾವುದಕ್ಕೂ ಬಗ್ಗದ ಬೀಗ ಬೇಕೆಂದು ಬ್ರಿಟಿಷ್ ಸರ್ಕಾರ ಬಹುಮಾನ ಘೋಷಿಸಿತ್ತು. ಆ ಬಹುಮಾನ ಗೆದ್ದದ್ದು 1818ರಲ್ಲಿ ಜೆರೆಮಿಯಾ ಚಬ್ ರೂಪಿಸಿದ ಬೀಗ. ಯಾರಾದರೂ ಕೈಯಾಡಿಸಿದ್ದರೆ ಅದು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಮಾಲೀಕ ತನ್ನ ಕೀಲಿಕೈ ಹಾಕಿದಾಗ ಅದು ತಿರುಗದೆ, ಕಳ್ಳ ಬಂದು ಹೋದದ್ದು ಗೊತ್ತಾಗುತ್ತಿತ್ತು.

ಇಂಥ ಲಿವರ್ ಬೀಗ ಇಂದಿಗೂ ನಮ್ಮ ಮನೆಗಳ ಬಾಗಿಲಲ್ಲಿದೆ. ಅದರ ಮೇಲಿನ ತಗಡು ಬಿಚ್ಚಿದರೆ ಒಂದರ ಮೇಲೊಂದು ಕೂತ ಲೋಹದ ತೆಳು ಪಟ್ಟಿಗಳು ಕಾಣುತ್ತವೆ. ಪ್ರತಿ ಪಟ್ಟಿಯ ನಡುವೆ ಒಂದು ಸೀಳು. ಕೀಲಿಕೈಯ ಒಂದೊಂದು ಹಲ್ಲು ಒಂದೊಂದು ಪಟ್ಟಿಯನ್ನು ಅದರದರ ಎತ್ತರಕ್ಕೆ ಎತ್ತಿದಾಗ ಸೀಳುಗಳೆಲ್ಲ ಒಂದೇ ಗೆರೆಗೆ ಬಂದು ಬೀಗದ ನಾಲಿಗೆ ಸರಿಯುತ್ತದೆ. ಒಂದು ಪಟ್ಟಿ ಕೂದಲೆಳೆಯಷ್ಟು ಹೆಚ್ಚು ಎದ್ದರೂ ನಾಲಿಗೆ ಅಲುಗುವುದಿಲ್ಲ. ಪಟ್ಟಿ ಹೆಚ್ಚು ಎದ್ದರೂ ಕಷ್ಟ, ಕಡಿಮೆ ಎದ್ದರೂ ಕಷ್ಟ ಎನ್ನುವ ಈ ಉಪಾಯ 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬ ಇಂಗ್ಲಿಷ್ ಕುಶಲಕರ್ಮಿಯದು. ಹಾಬ್ಸ್ ಮಾಡಿದ್ದಿಷ್ಟೆ: ನಾಲಿಗೆಯ ಮೇಲೆ ಮೆಲ್ಲಗೆ ಒತ್ತಡ ಹಾಕಿ, ಯಾವ ಪಟ್ಟಿ ಬಿಗಿಯಾಗಿ ಹಿಡಿದುಕೊಂಡಿದೆ ಎಂದು ಬೆರಳ ತುದಿಯಲ್ಲಿ ಅರಿತು, ಒಂದೊಂದನ್ನಾಗಿ ಜಾಗಕ್ಕೆ ಕೂರಿಸಿದ.

ಮುಂದಿನ ಸರದಿ ಜೋಸೆಫ್ ಬ್ರಾಮಾ ಎಂಬ ತಯಾರಕನ ಬೀಗದ್ದು. ಲಂಡನ್ನಿನ ಪಿಕಡಿಲಿಯಲ್ಲಿದ್ದ ಅವನ ಅಂಗಡಿಯ ಕಿಟಕಿಯಲ್ಲಿ 1790ರಿಂದ ಅದು ತೂಗುತ್ತಿತ್ತು. ಕೀಲಿಕೈ ಇಲ್ಲದೆ ತೆರೆದವರಿಗೆ 200 ಗಿನಿ ಎಂಬ ಸವಾಲು ಅದರ ಜೊತೆಗಿತ್ತು. ಬ್ರಾಮಾ 1814ರಲ್ಲೇ ತೀರಿಕೊಂಡ. ಸವಾಲು ಮಾತ್ರ ಹಾಗೇ ಉಳಿದಿತ್ತು. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ತೆರೆದ. ಹಣ ಅವನ ಕೈ ಸೇರಿತು.

ಲಂಡನ್ನಿನಲ್ಲಿ ಗದ್ದಲವೆದ್ದಿತು. ಬೀಗದ ಗುಟ್ಟನ್ನು ಬಯಲಿಗೆಳೆದರೆ ಕಳ್ಳರಿಗೆ ಪಾಠ ಹೇಳಿದಂತಾಗದೆ? ಈ ಪ್ರಶ್ನೆಗೆ 1853ರಲ್ಲಿ ಹಾಬ್ಸ್‌ನ ಹೆಸರಿನೊಂದಿಗೆ ಬಂದ ಬೀಗಗಳ ಪುಸ್ತಕ ನೇರ ಉತ್ತರ ಕೊಟ್ಟಿತು: ಕಳ್ಳರಿಗೆ ತಮ್ಮ ಕಸುಬು ಚೆನ್ನಾಗಿ ಗೊತ್ತು, ಗೊತ್ತಿಲ್ಲದಿರುವುದು ಬೀಗ ನಂಬಿ ಮಲಗುವ ಮನೆಯವರಿಗೆ. ಈ ಮಾತು ಇಂದಿಗೂ ಸರಿ. ದೌರ್ಬಲ್ಯ ಮುಚ್ಚಿಟ್ಟ ಬೀಗಕ್ಕಿಂತ ಎಲ್ಲರೆದುರು ಸೋತ ಬೀಗದಿಂದ ಜನಕ್ಕೆ ಹೆಚ್ಚು ಉಪಕಾರವಾಗಿದೆ. ತಯಾರಕರು ತಮ್ಮ ಬೀಗಗಳನ್ನು ತಿದ್ದಿಕೊಳ್ಳಲೇಬೇಕಾಯಿತು. ಅತ್ತ ಅಮೆರಿಕದಲ್ಲಿ ಕಿರಿಯ ಲೈನಸ್ ಯೇಲ್, ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲಿದ್ದ ಗೂಟಗಳ ತತ್ತ್ವವನ್ನೇ ಚಿಕ್ಕ ಲೋಹದ ಪಿನ್ನುಗಳಿಗೆ ಅಳವಡಿಸಿ, 1860ರ ದಶಕದಲ್ಲಿ ಜೇಬಿನಲ್ಲಿ ಹಿಡಿಸುವ ಚಪ್ಪಟೆ ಕೀಲಿಕೈಯ ಬೀಗ ತಂದ.

ಭಾರತದಲ್ಲಿ ಈ ಕತೆ ಮುಂದುವರಿಸಿದವರು ಅರ್ದೇಶಿರ್ ಗೋದ್ರೇಜ್. ವಕೀಲಿ ಬಿಟ್ಟಿದ್ದರು, ಶಸ್ತ್ರಚಿಕಿತ್ಸೆಯ ಉಪಕರಣ ಮಾಡಹೊರಟು ಕೈಸುಟ್ಟುಕೊಂಡಿದ್ದರು. ಮುಂಬಯಿಯಲ್ಲಿ ಮನೆಗಳ್ಳತನ ಹೆಚ್ಚುತ್ತಿದೆ ಎಂಬ ಪತ್ರಿಕೆಯ ಸುದ್ದಿ ಅವರಿಗೆ ಹೊಸ ದಾರಿ ತೋರಿತು. 1897ರಲ್ಲಿ ಲಾಲ್‌ಬಾಗಿನ ಒಂದು ಶೆಡ್ಡಿನಲ್ಲಿ ಬೀಗ ತಯಾರಿಕೆ ಶುರುವಾಯಿತು. ವಿಲಾಯತಿ ಸರಕೇ ಶ್ರೇಷ್ಠ ಎಂಬ ನಂಬಿಕೆಯ ಕಾಲದಲ್ಲಿ ಭದ್ರತೆಯ ವಸ್ತುವನ್ನೇ ಸ್ವದೇಶಿಯಾಗಿ ಮಾಡುತ್ತೇನೆಂದು ಹೊರಡಲು ಎದೆಗಾರಿಕೆ ಬೇಕಿತ್ತು. ಬೀಗದ ಬೆನ್ನಿಗೇ ತಿಜೋರಿ ಬಂತು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಿಸಿ ಸುತ್ತಲ ಪ್ರದೇಶ ಹೊತ್ತಿ ಉರಿದಾಗ, ಗೋದ್ರೇಜ್ ತಿಜೋರಿಗಳೊಳಗಿನ ಕಾಗದಪತ್ರ ಉಳಿದುಕೊಂಡವು. ಮೊದಲ ಮಹಾಚುನಾವಣೆಯ ಲಕ್ಷಾಂತರ ಮತಪೆಟ್ಟಿಗೆಗಳೂ ಇದೇ ಕಂಪನಿಯ ವಿಕ್ರೋಲಿ ಕಾರ್ಖಾನೆಯಲ್ಲೇ ತಯಾರಾದವು. 1950ರ ದಶಕದಲ್ಲಿ ಬಂದ ಗೋದ್ರೇಜ್‌ನ 'ನವ್‌ತಾಳ್' ಬೀಗ ಕರ್ನಾಟಕದ ಪೇಟೆ ಹಳ್ಳಿಗಳ ಬಾಗಿಲುಗಳಿಗೂ ತಲುಪಿತು. ಅದರ ಜೊತೆಗೆ ಅಲಿಗಢದ ಅಗ್ಗದ ಬೀಗಗಳು. ತಮಿಳುನಾಡಿನ ದಿಂಡಿಗಲ್‌ನಿಂದ ಕೈಯಲ್ಲೇ ಮಾಡಿದ ಭಾರದ ಬೀಗಗಳು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಬೀಗವೇನೋ ಗಟ್ಟಿಯಾಯಿತು. ಆದರೆ ಇಂದು ಹಾಬ್ಸ್‌ನಂತೆ ಗಂಟೆಗಟ್ಟಲೆ ಕೂತು ಬೀಗ ತೆರೆಯುವ ಕಳ್ಳ ಅಪರೂಪ. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುವುದು 'ಬಾಗಿಲು ಮೀಟಿ ಕಳವು' ಎಂದೇ. ಕೈಯಲ್ಲೊಂದು ಕಬ್ಬಿಣದ ರಾಡು ಇದ್ದರಾಯಿತು. ಇಂದಿನ ಕಳ್ಳ ಬೀಗ ಮುಟ್ಟುವುದಿಲ್ಲ, ಚಿಲಕದ ಕೊಂಡಿಗೆ ಕೈ ಹಾಕುತ್ತಾನೆ. ಶೂದ್ರಕನ 'ಮೃಚ್ಛಕಟಿಕ' ನಾಟಕದ ಶರ್ವಿಲಕನೂ ಬಾಗಿಲ ತಂಟೆಗೆ ಹೋಗದೆ ಗೋಡೆಗೇ ಕನ್ನ ಕೊರೆದವನು. ಸಾವಿರ ರೂಪಾಯಿಯ ಬೀಗವನ್ನು ನಾಲ್ಕು ಸಣ್ಣ ಸ್ಕ್ರೂಗಳಲ್ಲಿ ನಿಂತ ಹಳೆಯ ಕೊಂಡಿಗೆ ತೂಗುಹಾಕಿದರೆ, ಆ ಮನೆ ಕಾಯುವುದು ಆ ನಾಲ್ಕು ಸ್ಕ್ರೂಗಳೇ. ಮೇಲಾಗಿ ಹೊರಗೆ ತೂಗುವ ಬೀಗ, ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುತ್ತದೆ. ಗೇಟಿನ ಬಳಿ ಬಿದ್ದ ಮೂರು ದಿನದ ಪೇಪರು, ರಂಗೋಲಿ ಕಾಣದ ಹೊಸ್ತಿಲು ಅದಕ್ಕೆ ದನಿಗೂಡಿಸುತ್ತವೆ. ಬೇಸಿಗೆ ರಜೆಯಲ್ಲಿ ಊರಿಗೆ ಹೊರಟವರು ಠಾಣೆಗೆ ಹೇಳಿ ಹೋಗಬೇಕು, ಒಡವೆಯನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಕು ಎಂದು ಪೊಲೀಸರು ಕೇಳಿಕೊಳ್ಳುವುದು ಇದಕ್ಕೇ.

ಬಾಗಿಲೊಳಗೇ ಕೂರುವ ಬೀಗ ಈ ದೃಷ್ಟಿಯಿಂದ ಮೇಲು, ಏಕೆಂದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಹೊರಗಿನವರಿಗೆ ತಿಳಿಯದು. ಅದರಲ್ಲೂ ನೋಡಬೇಕಾದ ಜಾಗ ಒಂದಿದೆ: ನಾಲಿಗೆ ಹೋಗಿ ಕೂರುವ ಚೌಕಟ್ಟಿನ ತಗಡು. ಅದನ್ನು ಅರ್ಧ ಇಂಚಿನ ಸ್ಕ್ರೂ ಹಾಕಿ ಕೂರಿಸಿದ್ದರೆ ಬಲವಾದ ಒಂದು ಒದೆತಕ್ಕೆ ಕಿತ್ತು ಬಂದೀತು. ಮೂರಿಂಚಿನ ಸ್ಕ್ರೂ ಚೌಕಟ್ಟಿನ ಮರದಾಳಕ್ಕೆ ಇಳಿಯುತ್ತದೆ. ಬಡಗಿಗೆ ಅದು ಹತ್ತು ನಿಮಿಷದ ಕೆಲಸ.