ಗೋವಿನಜೋಳ: ಮೇವಿನ ಮೊತ್ತವೂ ಗುಣವೂ

ತೆನೆಯನ್ನು ಸಿಪ್ಪೆಯು ಮುಚ್ಚಿಕೊಂಡಿರುವುದರಿಂದ ಮುಸುಕಿನಜೋಳವೆಂದು ಹೆಸರಾದ ಧಾನ್ಯಕ್ಕೆ ಕನ್ನಡನಾಡಿನ ಉತ್ತರಭಾಗದಲ್ಲಿ ಗೋವಿನಜೋಳವೆಂಬ ಹೆಸರುಂಟು, ಮೆಕ್ಕೆಜೋಳವೆಂಬುದೂ ರೂಢಿಯಲ್ಲಿದೆ. ಮೂರು ಹೆಸರುಗಳಲ್ಲಿಯೂ ಜೋಳವೆಂಬ ಪದವಿದ್ದರೂ ಇದು ರೊಟ್ಟಿಯ ಜೋಳದ ಜಾತಿಯದಲ್ಲ. ಅಮೆರಿಕಾ ಖಂಡದ ಮೆಕ್ಸಿಕೋ ಇದರ ಮೂಲಸ್ಥಾನ. ಈ ಭೇದವು ಕೇವಲ ಶಬ್ದವಿಚಾರವಲ್ಲ. ನೀರಿಲ್ಲದೆ ಬಾಡಿದ ಎಳೆಯ ಜೋಳದ ಪೈರಿನಲ್ಲಿ ದನಗಳಿಗೆ ಮಾರಕವಾದ ವಿಷವು ಕೂಡುವುದುಂಟು. ಮುಸುಕಿನಜೋಳದ ಮೇವಿನಲ್ಲಿ ಆ ವಿಷದ ಭಯವಿಲ್ಲ.

ಬಂಟ್ವಾಳ ತಾಲೂಕಿನ ತೆಂಕಣ ಅಂಚಿನಲ್ಲಿ, ಕಾಸರಗೋಡಿನ ಗಡಿಯ ಬಳಿಯಿರುವ ಕನ್ಯಾನದಂತಹ ಊರುಗಳಲ್ಲಿ ದನಗಳಿಗೆ ಬೈಹುಲ್ಲೇ ಬಹುಕಾಲದ ಆಧಾರವಾಗಿದ್ದಿತು. ಗದ್ದೆಗಳು ಅಡಕೆಯ ತೋಟಗಳಾದಂತೆ ಬೈಹುಲ್ಲು ಕಡಮೆಯಾಯಿತು. ಅದು ಹೊಟ್ಟೆಯನ್ನು ತುಂಬಿಸುವುದಲ್ಲದೆ ಹಾಲಿಗೆ ಬೇಕಾದ ಸಾರವನ್ನು ಸಾಕಷ್ಟು ಕೊಡಲಾರದು. ಆದುದರಿಂದ, ಉಳಿದಿರುವ ಸ್ವಲ್ಪ ನೆಲದಲ್ಲಿ ಸಾರವುಳ್ಳ ಹಸುರು ಮೇವನ್ನು ಹೇಗೆ ಬೆಳೆಯಬೇಕೆಂಬುದು ಅಲ್ಲಿಯ ಗೋಪಾಲಕರ ಜೀವನಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಈ ಪ್ರಾಂತದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆಯಾಗುವುದು. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಬೀಳುವುದು. ಮುಸುಕಿನಜೋಳದ ಎಳೆಯ ಪೈರಾದರೋ ಎರಡು ಮೂರು ದಿನ ನಿಂತ ನೀರನ್ನೂ ಸಹಿಸಲಾರದು. ಹಾಗಾಗಿ ಬೈಲಿನ ಗದ್ದೆಯಲ್ಲಿ ಏಣೆಲಿನ ಕೊಯ್ಲಾದ ಬಳಿಕ, ಬಿಸಿಲೇರುವ ಕಾಲದಲ್ಲಿ, ಬದುಗಳ ಮೇಲೆ ಇದನ್ನು ಬಿತ್ತುವುದು ಮೇಲು. ನೀರಿಗೆ ಬಾವಿಯೂ, ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳೂ ಉಂಟು. ಅಡಕೆಯ ನೆರಳು ಮಾತ್ರ ಇದಕ್ಕೆ ಒಗ್ಗದು. ಅತಿಮಳೆಯು ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ಮಣ್ಣಿನಲ್ಲಿ ಹುಳಿ ಹೆಚ್ಚಿ, ರಂಜಕವು ಬೇರಿಗೆ ಸಿಕ್ಕದಂತಾಗುವುದು. ಮಣ್ಣನ್ನು ಪರೀಕ್ಷಿಸಿ ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಮೊದಲು ಹಾಕದೆ ಸಾರಜನಕವನ್ನಷ್ಟೇ ಸುರಿದರೆ ವೆಚ್ಚವು ವ್ಯರ್ಥ.

ಮೊತ್ತವೂ ಗುಣವೂ ಯಾವಾಗಲೂ ಜೊತೆಯಾಗಿ ಹೆಚ್ಚುವುವೆಂದು ತಿಳಿಯಬಾರದು. ಆಫ್ರಿಕನ್ ಟಾಲ್ ಎಂಬ ಮೇವಿನ ತಳಿಯು ಒಳ್ಳೆಯ ಬೇಸಾಯದಲ್ಲಿ ಹೆಕ್ಟೇರಿಗೆ 400ರಿಂದ 500 ಕ್ವಿಂಟಾಲು ಹಸಿ ಮೇವನ್ನು ಕೊಡಬಲ್ಲುದು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರು ಅಂತರ ಸಾಕು. ಅತಿಯಾಗಿ ಒತ್ತಾಗಿ ಬಿತ್ತಿದರೆ ದಂಟು ಸಣ್ಣದಾಗಿ ಪೈರು ಒರಗುವುದು. ತೀರ ಎಳೆಯದನ್ನು ಕೊಯ್ದರೆ ತೂಕದಲ್ಲಿ ನೀರೇ ಹೆಚ್ಚು. ಬಲಿತ ಮೇಲೆ ಕೊಯ್ದರೆ ದಂಟು ನಾರಾಗುವುದು. ತೆನೆಯ ರೇಷ್ಮೆಯೆಳೆ ಮೂಡಿ ಕಾಳು ಹಾಲುಗಟ್ಟುವವರೆಗಿನ ಅವಧಿಯೇ ಹಸಿ ಮೇವಿನ ಕೊಯ್ಲಿಗೆ ತಕ್ಕುದು. ಇದರ ಒಣ ಮೇವಿನಲ್ಲಿ ಸಸಾರಜನಕವು ನೂರಕ್ಕೆ 8ರಿಂದ 10ರಷ್ಟು ಮಾತ್ರ. ಎರಡು ಸಾಲಿಗೊಂದರಂತೆ ಅಲಸಂಡೆಯನ್ನು ಬಿತ್ತಿ ಒಟ್ಟಿಗೆ ಕೊಯ್ದರೆ ಆ ಕೊರತೆಯು ಬಹುಮಟ್ಟಿಗೆ ತುಂಬುವುದು.

ಭಾರತದಲ್ಲಿ 2018ರಲ್ಲಿ, ಕರ್ನಾಟಕದಲ್ಲಿಯೇ ಮೊದಲು ಕಾಣಿಸಿಕೊಂಡ ಸೈನಿಕಹುಳುವು ಸುಳಿಯನ್ನು ತಿನ್ನುವುದರಿಂದ ಎಳೆಯ ಪೈರನ್ನು ಆಗಾಗ ನೋಡುತ್ತಿರಬೇಕು. ಮೇವಾಗುವ ಪೈರಿಗೆ ವಿಷೌಷಧವನ್ನು ಮನಬಂದಂತೆ ಸಿಂಪಡಿಸಕೂಡದು.

ಬೇಸಗೆಯಲ್ಲಿ ಬೆಳೆದುದನ್ನು ಮಳೆಗಾಲಕ್ಕೆ ಉಳಿಸುವ ಉಪಾಯವೂ ಉಂಟು. ಕಾಳು ಹಿಟ್ಟುಗಟ್ಟುವಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿದರೆ, ಅದು ಹುಳಿಯಾಗಿ ಕೆಡದೆ ಉಳಿಯುವುದು; ಸುಮಾರು ಒಂದೂವರೆ ತಿಂಗಳ ಮೇಲೆ ತೆಗೆದು ಹಾಕಬಹುದು. ಆಷಾಢದ ಜಡಿಮಳೆಯಲ್ಲಿ ಹುಲ್ಲನ್ನು ಒಣಗಿಸಲಾಗದ ನಾಡಿಗೆ ಇದು ದೊಡ್ಡ ಆಸರೆ. ದಂಟಿನ ಎತ್ತರವನ್ನಲ್ಲ, ಅದು ಹಾಲಾಗಿ ಮರಳುವ ಪ್ರಮಾಣವನ್ನು ಎಣಿಸಿದಲ್ಲಿಯೇ ಗೋವಿನಜೋಳವೆಂಬ ಹೆಸರು ಸಾರ್ಥಕವಾಗುವುದು.